ಎಪ್ಪತ್ತೆರಡರ ಕಾಸು

ತಕ್ಕಡಿ ಸಾಹೇಬರ ಬಾಯಿಂದ ‘ವಾಷರ್’ ಎಂಬ ಮಾತು ಬಿತ್ತೆಂದರೆ ಎದುರಿಗೆ ಕೂತವನ ಮುಖ ಇಷ್ಟೇ ಇಷ್ಟಾಗುತ್ತಿತ್ತು. ಆ ಮುಖ ನೋಡುವ ಸುಖಕ್ಕಾಗಿಯೇ ಅವರು ಅದನ್ನು ಆಡುತ್ತಿದ್ದರು ಎಂದರೆ ಸುಳ್ಳೇನೂ ಆಗುವುದಿಲ್ಲ.

ತಕ್ಕಡಿ ಸಾಹೇಬರೆಂಬ ಹೆಸರು ಅವರಿಗೆ ಬಂದದ್ದು ನೌಕರಿಯಿಂದ. ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ಅಂಗಡಿ ಅಂಗಡಿ ಹತ್ತಿ ಇಳಿದವರು. ಕೈಯಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಮಖಮಲ್ಲಿನ ಮೇಲೆ ಸರ್ಕಾರದ ತೂಕದ ಬಟ್ಟುಗಳು, ಜೊತೆಗೊಂದು ಪುಟ್ಟ ತಕ್ಕಡಿ. ಅಂಗಡಿಯವನ ಬಟ್ಟು ಕೂದಲೆಳೆಯಷ್ಟು ಕಡಿಮೆ ತೂಗಿದರೂ ಸರಿ, ಗಿರಾಕಿಗಳಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದು, “ಇದನ್ನಿಟ್ಕೊಂಡು ಎಷ್ಟು ವರ್ಷದಿಂದ ಜನರ ಹೊಟ್ಟೆ ಮೇಲೆ ಹೊಡೀತಿದೀಯಪ್ಪ?” ಎಂದು ಕೇಳುವರು. ಲಂಚ ಮುಟ್ಟಿದವರಲ್ಲ, ಆ ಮಾತು ಒಪ್ಪಲೇಬೇಕು. ಅವರಿಗೆ ಬೇಕಾಗಿದ್ದದ್ದು ಅಂಗಡಿಯವನ ದುಡ್ಡಲ್ಲ, ಅವನ ಹಣೆಯ ಬೆವರು. ನಿವೃತ್ತಿಯಾದ ದಿನ ಆಫೀಸಿನವರು ಒಂದು ಗೋಡೆ ಗಡಿಯಾರ ಕೊಟ್ಟು ಬಾಗಿಲ ತನಕ ಬಂದು ಕಳಿಸಿದರು. ಮೆಟ್ಟಿಲು ಇಳಿಯುತ್ತಿದ್ದಾಗ ಒಳಗಿನಿಂದ ನಗು ಕೇಳಿಸಿತು. ಸಾಹೇಬರು ಅದನ್ನು ಬೇರೆ ಯಾವುದಕ್ಕೋ ನಕ್ಕಿರಬೇಕೆಂದುಕೊಂಡರು.

ಅವರಿಗಿದ್ದ ಹುಚ್ಚು ಒಂದೇ, ಪರಂಗಿಯವರು ಆಳುತ್ತಿದ್ದ ಕಾಲದ ತಾಮ್ರದ ಕಾಸು. ಬೆಳ್ಳಿ ಬೇಡ, ಬಂಗಾರ ಬೇಡ. ಒಂದು ಕಡೆ ದೊರೆಯದೋ ರಾಣಿಯದೋ ಮೂಗು ಮುಖ, ಇನ್ನೊಂದು ಕಡೆ ಎಲೆಬಳ್ಳಿಯ ಸುತ್ತು, ಅದರ ಕೆಳಗೆ ಅಂಚಿಗೆ ಅಂಟಿಕೊಂಡಂತೆ ಇಸವಿ. ಬಡವರ ಬೆವರುಗೈಯಲ್ಲಿ ಓಡಾಡಿ ಸವೆದ ಕಾಸುಗಳು. ಮಲಗುವ ಕೋಣೆಯಲ್ಲಿ ಬಡಗಿಯಿಂದ ಮಾಡಿಸಿದ ಒಂದು ಬೀರು ಇತ್ತು. ಅದರ ಸೆಳೆಖಾನೆಗಳಲ್ಲಿ ಹಸಿರು ಬನಾತು ಬಟ್ಟೆಯ ಹಾಸು, ಹಾಸಿನಲ್ಲಿ ವರ್ಷಕ್ಕೊಂದರಂತೆ ಕತ್ತರಿಸಿದ ಅರವತ್ತನಾಲ್ಕು ದುಂಡು ಕುಳಿ. ಅರವತ್ತಮೂರು ತುಂಬಿದ್ದವು. ಒಂದು ಖಾಲಿ. ಅದು ಸಾವಿರದ ಎಂಟುನೂರ ಎಪ್ಪತ್ತೆರಡನೆಯ ಇಸವಿಯದು.

ಆ ವರ್ಷ ಟಂಕಸಾಲೆಯಲ್ಲಿ ಅಚ್ಚು ಬಿರುಕು ಬಿಟ್ಟು, ಬೆರಳೆಣಿಕೆಯ ಕಾಸು ಒತ್ತಿ ನಿಲ್ಲಿಸಿಬಿಟ್ಟರಂತೆ. ಎಪ್ಪತ್ತಮೂರರ ಕಾಸು ಬೇಕಾದಷ್ಟು ಸಿಗುತ್ತದೆ. ಅದರ ಮೂರನ್ನು ಸಣ್ಣ ಅರದಿಂದ ಉಜ್ಜಿ ಎರಡು ಮಾಡಿ ಮಾರುವ ಖದೀಮರೂ ಸಿಗುತ್ತಾರೆ. ಆದರೆ ಅಸಲಿಯಲ್ಲಿ ಎರಡರ ಬಾಲ ಪಕ್ಕದ ಚುಕ್ಕೆಗೆ ಹೋಗಿ ತಾಗಿರುತ್ತದೆ, ನಕಲಿಯಲ್ಲಿ ತಾಗುವುದಿಲ್ಲ. ಸಾಹೇಬರು ಈ ಬಾಲವನ್ನು ಹಳೆಯ ಪುಸ್ತಕವೊಂದರ ಚಿತ್ರದಲ್ಲಿ ಮಾತ್ರ ನೋಡಿದ್ದರು. ಇಪ್ಪತ್ತಾರು ವರ್ಷದಿಂದ ಆ ಖಾಲಿ ಕುಳಿ ಅವರನ್ನು ನೋಡುತ್ತಿತ್ತು, ಅವರು ಅದನ್ನು ನೋಡುತ್ತಿದ್ದರು. ಸಾಯುವುದರೊಳಗೆ ಅದು ತುಂಬಬೇಕು. ಅದೊಂದು ಬಿಟ್ಟು ಅವರಿಗೆ ದೇವರಲ್ಲಾಗಲಿ ಮನುಷ್ಯರಲ್ಲಾಗಲಿ ಬೇರೆ ಬೇಡಿಕೆ ಇರಲಿಲ್ಲ.

ಹೆಂಡತಿಯ ವಿಷಯ ಇಲ್ಲಿ ಹೇಳಿಬಿಡಬೇಕು. ಮದುವೆಯಾದ ಹೊಸತರಲ್ಲಿ, ಗಂಡ ಊರಲ್ಲಿಲ್ಲದ ದಿನ, ಆ ಹೆಣ್ಣುಮಗಳು ಒಂದು ಸೆಳೆಖಾನೆ ತೆಗೆದು ನೋಡಿ ಅಯ್ಯೋ ಪಾಪ ಅಂದುಕೊಂಡಳು. ಕಾಸುಗಳೆಲ್ಲ ಕಪ್ಪಿಟ್ಟು ಕೂತಿವೆ, ಇವನ್ನು ತೊಳೆಯುವವರಿಲ್ಲ. ನಿಂಬೆಹಣ್ಣು ಉಪ್ಪು ಹಾಕಿ ಹನ್ನೊಂದು ಕಾಸನ್ನು ತಳತಳ ಹೊಳೆಯುವ ಹಾಗೆ ತಿಕ್ಕಿದಳು. ಗಂಡ ಬಂದು ಮೆಚ್ಚಿಕೊಳ್ಳಲಿ ಅಂತ ತಟ್ಟೆಯಲ್ಲಿ ಜೋಡಿಸಿಟ್ಟಳು. ನೂರು ವರ್ಷದ ಕಪ್ಪೇ ಹಳೆಯ ತಾಮ್ರದ ಬೆಲೆ, ಅದನ್ನು ತಿಕ್ಕಿದರೆ ಕಾಸು ಸತ್ತಂತೆ ಎಂದು ಅವಳಿಗೆ ಹೇಳಿದವರು ಯಾರು? ಸಾಹೇಬರು ಕೂಗಾಡಲಿಲ್ಲ. ಹನ್ನೊಂದು ಕಾಸಿಗೆ ಹನ್ನೊಂದು ತಿಂಗಳು ಲೆಕ್ಕ ಹಾಕಿ, ಅಷ್ಟು ದಿನ ಅವಳ ಜೊತೆ ಒಂದೇ ಒಂದು ಮಾತೂ ಆಡಲಿಲ್ಲ. ಅವಳು ತವರಿಗೆ ಹೋಗಿ ಬಂದಳು, ಜ್ವರದಲ್ಲಿ ಮಲಗಿ ಎದ್ದಳು, ಮಾತಿಲ್ಲ. ಮಾತು ಶುರುವಾದ ಮೇಲೂ ಒಂದು ಪದ್ಧತಿ ಉಳಿಯಿತು. ಅವಳು ಆ ಬೀರು ಇರುವ ಗೋಡೆಯ ಕಡೆ ಕಸ ಗುಡಿಸಲು ಬಂದರೂ, “ಕೈ ತೋರ್ಸು” ಅನ್ನುವರು. ಅವಳು ಎರಡೂ ಕೈ ಚಾಚಿ ಅಂಗೈ ಒಮ್ಮೆ, ಮುಂಗೈ ಒಮ್ಮೆ ತೋರಿಸಬೇಕು. ಮೂವತ್ತನಾಲ್ಕು ವರ್ಷದಿಂದ ತೋರಿಸುತ್ತಿದ್ದಳು.

ಇನ್ನು ಭಾನುವಾರಗಳ ಕಥೆ. ಪೇಟೆ ಬೀದಿಯ ಕನ್ನಡಕದಂಗಡಿಗೆ ಭಾನುವಾರ ರಜೆ. ಅಂಗಡಿಯವನಿಗೂ ಕಾಸಿನ ಹುಚ್ಚು ಸ್ವಲ್ಪ ಅಂಟಿತ್ತು. ಬೆಳಿಗ್ಗೆ ಹತ್ತಕ್ಕೆ ಶಟರ್ ಅರ್ಧ ಎತ್ತಿ, ಐದಾರು ಜನ ಬಗ್ಗಿ ಒಳಗೆ ಹೋಗಿ ಕೂರುವರು. ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಕಣ್ಣು ಪರೀಕ್ಷೆಯ ಪಟ. ಕಣ್ಣು ಪರೀಕ್ಷಿಸುವ ಎತ್ತರದ ಕುರ್ಚಿ ಸಾಹೇಬರದು. ಯಾರೇ ಏನೇ ತಂದರೂ ಅವರ ಮುಂದಿಡಬೇಕು. ಅವರು ಭೂತಗನ್ನಡಿ ಹಿಡಿದು ನೋಡಿ, ಪುಟ್ಟ ತಕ್ಕಡಿಯಲ್ಲಿ ತೂಗಿ, ತೀರ್ಪು ಕೊಡುವರು. ಒಳ್ಳೆಯದಾದರೆ “ಇರ್ಲಿ”. ಕೆಟ್ಟದಾದರೆ “ವಾಷರ್ ಮಾಡ್ಕೊಳ್ಳಿ”. ನಡುವೆ ತೂತು ಕೊರೆದು ನಲ್ಲಿಗೋ ಬೋಲ್ಟಿಗೋ ಹಾಕಲು ಮಾತ್ರ ಲಾಯಕ್ಕು ಎಂದು ಅರ್ಥ. ಉಳಿದವರು ಹೋ ಎಂದು ನಗುವರು. ಇವತ್ತು ನಕ್ಕವನು ಮುಂದಿನ ವಾರ ನಗೆಪಾಟಲಾಗುವನು, ಆದರೂ ನಗುವನು.

ಈ ತೀರ್ಪಿನ ಹಿಂದೆ ಒಂದು ಒಳಗುಟ್ಟು ಇತ್ತು. ಸಾಹೇಬರಿಗೆ ಬೇಕಾದ ಕಾಸು ಯಾರಾದರೂ ಹೊರಗಿನವರ ಕೈಯಲ್ಲಿ ಬಂತೆನ್ನಿ, ಆಗಲೂ ಅವರು ‘ವಾಷರ್’ ಎಂದೇ ಹೇಳುತ್ತಿದ್ದರು. ತಂದವನು ಕೈಚೆಲ್ಲಿ ಮನೆಗೆ ಹೋಗುವನು. ಸರಿಯಾಗಿ ಎಂಟು ದಿನ ಬಿಟ್ಟು ಕನ್ನಡಕದವನು ಪಾತ್ರೆಗೆ ಹಳೇ ತಾಮ್ರ ಬೇಕೆಂಬ ನೆಪದಲ್ಲಿ ಆ ಮನೆಯ ಬಾಗಿಲಲ್ಲಿ ನಿಂತು ಚಿಲ್ಲರೆಗೆ ಎತ್ತಿಕೊಂಡು ಬರುವನು. ಎಂಟು ದಿನ ಅನ್ನುವುದು ಸಾಹೇಬರೇ ಮಾಡಿದ ಕಟ್ಟಳೆ. ಒಮ್ಮೆ ತಡೆಯಲಾರದೆ ಮೂರೇ ದಿನಕ್ಕೆ ಕಳಿಸಿದ್ದಕ್ಕೆ, ಮಾರುವವನಿಗೆ ವಾಸನೆ ಹತ್ತಿ ಕಾಸು ಕೈತಪ್ಪಿತ್ತು. ಅರವತ್ತಮೂರರಲ್ಲಿ ಒಂಬತ್ತು ಕಾಸು ಬೀರು ಸೇರಿದ್ದು ಈ ದಾರಿಯಲ್ಲಿ. ಕಾಸು ಅಸಲಿಯೋ ಎಂದು ಕನ್ನಡಕದವನಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಸುಳ್ಳು ಹೇಳುವ ಮುಂಚೆ ಸಾಹೇಬರು ತಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು, ಅಷ್ಟು ಸಾಕಾಗಿತ್ತು. ಅಂಗಡಿಯವರ ಬಟ್ಟನ್ನು ಕೂದಲೆಳೆಗೆ ಹಿಡಿದ ಮನುಷ್ಯ ಇವರೇ.

ಆ ಗುಂಪಿನಲ್ಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದವನು ಮೀಟರ್. ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬರೆದುಕೊಳ್ಳುವ ಕೆಲಸ. ಓದುತ್ತಾ ಓದುತ್ತಾ, “ಅಜ್ಜಿ, ಹಳೇ ತಾಮ್ರದ ಕಾಸು ಏನಾದ್ರೂ ಇದ್ಯಾ?” ಎಂದು ಕೇಳುವ ಚಾಳಿ. ಸಂಬಳದಲ್ಲಿ ಉಳಿದದ್ದೆಲ್ಲ ಎರಡು ಡಬ್ಬ ಕಾಸಾಗಿತ್ತು. ಅವನು ತಂದದ್ದಕ್ಕೆ ಇಪ್ಪತ್ತು ವರ್ಷದಲ್ಲಿ ‘ಇರ್ಲಿ’ ಸಿಕ್ಕಿದ್ದು ನಾಲ್ಕು ಸಲ. ಉಳಿದದ್ದೆಲ್ಲ ವಾಷರ್. ಒಂದು ದಿನ ಸಾಹೇಬರು, “ನೀನು ಹೀಗೇ ತರ್ತಾ ಇರು ಮೀಟರ್, ಊರಿಗೆಲ್ಲ ನಲ್ಲಿ ರಿಪೇರಿ ಮಾಡಿಸ್ಬಹುದು” ಅಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಆಮೇಲೆ ಏನನ್ನೂ ತರುವುದು ನಿಲ್ಲಿಸಿದ. ಬರುವುದು ಮಾತ್ರ ನಿಲ್ಲಿಸಲಿಲ್ಲ. ಬಂದು, ಸ್ಟೂಲಿನ ಮೇಲೆ ಕೂತು, ಅಂಗಿಯ ಜೇಬನ್ನು ಒಮ್ಮೊಮ್ಮೆ ಒತ್ತಿ ನೋಡಿಕೊಂಡು, ಎಲ್ಲರ ಮಾತು ಕೇಳಿ ಎದ್ದು ಹೋಗುವನು. ಎದೆನೋವಿರಬೇಕು ಎಂದು ಯಾರೋ ಅಂದರು. ಕೊನೆಗೆ ಅವನು ಎದೆನೋವಿನಿಂದಲೇ ಹೋದ. ಆ ಭಾನುವಾರ ಎರಡು ನಿಮಿಷ ಸುಮ್ಮನೆ ಕೂತು, ಮೂರನೆಯ ನಿಮಿಷಕ್ಕೆ ಸಾಹೇಬರು ತಕ್ಕಡಿ ಬಿಚ್ಚಿದರು.

ಮೀಟರ್ ಹೋದ ಐದನೆಯ ವಾರ ಅವನ ಹೆಂಡತಿ ಬಂದಳು. ಹೊಲಿಗೆ ಕೆಲಸದವಳು. ಹೆಬ್ಬೆರಳ ತುಂಬ ಸೂಜಿಯ ಗಾಯ, ಸೆರಗಿನ ಅಂಚಿಗೆ ಮರೆತು ಸಿಕ್ಕಿಸಿಕೊಂಡ ಎರಡು ಗುಂಡುಪಿನ್ನು. ಶಟರಿನ ಕೆಳಗೆ ಬಗ್ಗಿ ಒಳಗೆ ಬಂದು, ಗಂಡನ ಸ್ಟೂಲು ಯಾವುದೆಂದು ಕೇಳದೆ ಅದರ ಪಕ್ಕದಲ್ಲೇ ನಿಂತಳು. ಕರವಸ್ತ್ರದ ಗಂಟು ಬಿಚ್ಚಿ ಒಂದೇ ಒಂದು ಕಾಸನ್ನು ಮೇಜಿನ ಮೇಲಿಟ್ಟಳು.

“ಸಾರ್, ನಮ್ಮನೆಯವ್ರು ಹೋಗೋ ಹಿಂದಿನ ದಿನ ಇದನ್ನ ಕೊಟ್ಟು, ಸಾಹೇಬ್ರಿಗೆ ತೋರ್ಸು ಅಂದಿದ್ರು. ಮಾರೋದಕ್ಕಲ್ಲ. ಹೌದೋ ಅಲ್ವೋ ಅಂತ ನಿಮ್ಮ ಬಾಯಲ್ಲಿ ಒಂದು ಮಾತು ಕೇಳ್ಬೇಕಿತ್ತು, ಅಷ್ಟೆ.”

ಸಾಹೇಬರು ಭೂತಗನ್ನಡಿ ಹಿಡಿದರು. ಎಲೆಬಳ್ಳಿ, ಬಳ್ಳಿಯ ಗಂಟು, ಇಸವಿ. ಏಳು. ಎರಡು. ಎರಡರ ಬಾಲ ಬಳುಕಿ ಹೋಗಿ ಚುಕ್ಕೆಗೆ ತಾಗಿತ್ತು. ಅರದ ಗೆರೆ ಇಲ್ಲ, ಗೀಚಿಲ್ಲ, ನೂರು ವರ್ಷದ ಕಪ್ಪು ಎಳ್ಳಷ್ಟೂ ಕದಡಿಲ್ಲ. ತಕ್ಕಡಿಗೆ ಹಾಕಿದರೆ ಮುಳ್ಳು ನಡುವೆ ಬಂದು ನಿಂತಿತು. ಇಪ್ಪತ್ತಾರು ವರ್ಷ ಕಾದದ್ದು ಕೈಯಲ್ಲಿದೆ. ಎದುರಿಗೆ ಒಬ್ಬ ಹೆಂಗಸು ‘ಹೌದು’ ಅನ್ನುವ ಎರಡಕ್ಷರಕ್ಕೆ ಬಾಯಿ ನೋಡುತ್ತಾ ನಿಂತಿದ್ದಾಳೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನೋಡಮ್ಮ, ಇದು ಎಪ್ಪತ್ಮೂರು. ಉಜ್ಜಿ ಎಪ್ಪತ್ತೆರಡು ಮಾಡಿದಾರೆ. ಯಾವನೋ ನಿಮ್ಮ ಯಜಮಾನ್ರಿಗೆ ಚೆನ್ನಾಗಿ ಟೋಪಿ ಹಾಕಿದಾನೆ.”

“ಇಲ್ಲ ಸಾರ್, ಅವ್ರು ಬಹಳ ಖಾತ್ರಿಯಾಗಿ ಹೇಳಿದ್ರು. ಇಂಥದ್ದು ಸಾಹೇಬ್ರ ಹತ್ರಾನೂ ಇಲ್ಲ ಅಂತ.”

ಯಾರೋ ಕಿಸಕ್ಕೆಂದರು. ಆ ಕೊನೆಯ ಮಾತು ಸಾಹೇಬರಿಗೆ ಚುರುಕ್ಕೆಂದು ತಾಗಿತು. ಅಲ್ಲಿಗೇ ಸುಮ್ಮನಾಗಿದ್ದರೂ ಕೆಲಸ ಆಗುತ್ತಿತ್ತು, ಆದರೆ ಸುಮ್ಮನಾಗುವ ಜಾಯಮಾನವಲ್ಲ. “ಇಪ್ಪತ್ತು ವರ್ಷ ನನ್ನ ಮುಂದೆ ಕೂತು ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಕಲೀಲಿಲ್ಲ ಅಂದ್ರೆ ಏನು ಹೇಳ್ಲಿ? ಪಾಪ, ಮೀಟರ್ ಓದೋಕೆ ಹೇಗೆ ಕೆಲಸ ಕೊಟ್ರೋ.”

ಎಲ್ಲರೂ ನಕ್ಕರು. ಅವಳು ನಗು ಮುಗಿಯುವ ತನಕ ಕಾದಳು.

“ಹಾಗಾದ್ರೆ ಇದನ್ನೇನು ಮಾಡ್ಲಿ ಸಾರ್?”

“ವಾಷರ್ ಮಾಡ್ಕೊಳ್ಳಮ್ಮ. ತಾಮ್ರ ಒಳ್ಳೇದಿದೆ.”

ಅವಳು ಕಾಸನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡು, “ನಿಜ ಹೇಳಿದ್ರಲ್ಲ, ಅಷ್ಟೇ ಸಾಕು” ಎಂದು ಹೇಳಿ ಹೊರಟಳು. ಬಗ್ಗುವಾಗ ಶಟರಿನ ಅಂಚು ಬೆನ್ನಿಗೆ ತಗುಲಿತು. ಅದನ್ನೂ ಗಮನಿಸಿದಂತೆ ಕಾಣಲಿಲ್ಲ. ಕನ್ನಡಕದವನು ಸಾಹೇಬರ ಮುಖ ನೋಡಿದ. ಸಾಹೇಬರು ಎಂಟು ಬೆರಳು ಮಡಿಲಲ್ಲಿ ತೋರಿಸಿದರು.

ಆ ಎಂಟು ದಿನ ಮನೆಯಲ್ಲಿ ಹಬ್ಬ. ಸಾಹೇಬರು ಹೊಸ ಬನಾತು ತಂದು ಖಾಲಿ ಕುಳಿಯ ತಳಕ್ಕೆ ದುಂಡಗೆ ಕತ್ತರಿಸಿ ಅಂಟಿಸಿದರು. ಸರಿ ಕಾಣದೆ ಕಿತ್ತು ಮತ್ತೆ ಅಂಟಿಸಿದರು. ಊಟಕ್ಕೆ ಕೂತು, “ಉಪ್ಪು ಹದವಾಗಿದೆ” ಎಂದರು. ಹೆಂಡತಿ ಹೆದರಿಹೋದಳು. ಮದುವೆಯಾದಾಗಿನಿಂದ ಅಂಥ ಮಾತು ಕೇಳಿದವಳಲ್ಲ. ಏನಾದರೂ ಕಾಯಿಲೆ ಮುಚ್ಚಿಟ್ಟಿದ್ದಾರೋ ಎಂದು ಔಷಧಿಯ ಚೀಟಿಗಾಗಿ ಅಂಗಿಯ ಜೇಬು ಹುಡುಕಿದಳು. ಆರನೆಯ ದಿನ ಅವರು ಏನೋ ಗುನುಗುತ್ತಿದ್ದರು. ಏಳನೆಯ ದಿನ ಭಾನುವಾರ, ಅಂಗಡಿಯಲ್ಲಿ ಯಾವ ಕಾಸನ್ನೂ ಸರಿಯಾಗಿ ನೋಡದೆ ಎಲ್ಲದಕ್ಕೂ ‘ಇರ್ಲಿ’ ಅಂದರು. ಜನ ಮುಖ ಮುಖ ನೋಡಿಕೊಂಡರು. ಆ ಹೆಂಗಸಿನ ಮುಖ ಅವರಿಗೆ ಒಮ್ಮೆಯೂ ನೆನಪಾಗಲಿಲ್ಲ.

ಎಂಟನೆಯ ದಿನ ಸೋಮವಾರ ಕನ್ನಡಕದವನು ಗೋಣಿಚೀಲ ಹಿಡಿದು ಹೋದ. ಹನ್ನೊಂದು ಗಂಟೆಗೆ ಬರಿಗೈಯಲ್ಲಿ ವಾಪಸು ಬಂದು ಸಾಹೇಬರ ಮನೆಯ ಹೊಸ್ತಿಲ ಆಚೆಯೇ ನಿಂತ.

“ತಾಮ್ರ ಎಲ್ಲಾ ಕೊಟ್ಟುಬಿಟ್ಟಿದಾರಂತೆ.”

“ಆ ಒಂದು ಕಾಸು?”

“ಅದು...” ಕನ್ನಡಕದವನು ನೆಲ ನೋಡಿದ. “ಅದನ್ನ ಪಂಪಿಗೆ ಹಾಕಿದಾರಂತೆ.”

ಸಾಹೇಬರು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳದೆ, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಹೊರಟರು. ಕನ್ನಡಕದವನು ಹಿಂದೆ ಬರಲಿಲ್ಲ. ಅವನಿಗೆ ಪಾಲಿರುವುದು ಕೊಳ್ಳುವುದರಲ್ಲಿ, ಇಂಥದ್ದರಲ್ಲಲ್ಲ.

ಅದು ಒಂದು ವಠಾರ. ಎದುರುಬದುರು ನಾಲ್ಕು ಮನೆ, ನಡುವೆ ಸಿಮೆಂಟಿನ ಅಂಗಳ, ಅಂಗಳದ ಮೂಲೆಯಲ್ಲಿ ಬಾವಿಗೆ ಹಾಕಿದ ಮೋಟಾರು ಪಂಪು. ನಾಲ್ಕು ಮನೆಗೂ ಅದೇ ನೀರು. ಮೀಟರ್‌ನ ಹೆಂಡತಿ ಬಾಗಿಲಲ್ಲಿ ಮಿಷನ್ನು ಹಾಕಿಕೊಂಡು ದಿಂಬಿನ ಚೀಲ ಹೊಲಿಯುತ್ತಿದ್ದಳು. ಸಾಹೇಬರನ್ನು ಕಂಡು ಗಡಬಡಿಸಿ ಎದ್ದು ಕುರ್ಚಿಯ ಮೇಲಿನ ಬಟ್ಟೆ ತೆಗೆದಳು.

“ಬನ್ನಿ ಸಾರ್. ನೀವು ಇಲ್ಲೀವರೆಗೂ ಬಂದ್ರಾ. ಕೂತ್ಕೊಳ್ಳಿ.”

ಸಾಹೇಬರು ಕೂರಲಿಲ್ಲ. “ಆ ಕಾಸೆಲ್ಲಿ?”

“ಅದಾ? ನೀವು ಹೇಳಿದ ಹಾಗೇ ಮಾಡಿದ್ವಿ ಸಾರ್.” ಅವಳು ನಾಚಿಕೆಯಿಂದ ಎಂಬಂತೆ ನಕ್ಕಳು. “ಅವತ್ತು ಮನೆಗೆ ಬಂದವ್ಳು ಅವ್ರ ಫೋಟೋ ಮುಂದೆ ನಿಂತು ಚೆನ್ನಾಗಿ ಬೈದೆ. ಮನೇಲಿ ಪಾತ್ರೆ ಇಲ್ದೆ ಇದ್ದಾಗ ಡಬ್ಬದ ತುಂಬ ತಾಮ್ರ ತುಂಬಿದ್ರಲ್ಲ, ಕೊನೆಗೆ ಅದೂ ಸುಳ್ಳಾಯ್ತಲ್ಲ ಅಂತ. ಫೋಟೋ ತೆಗೆದು ಪೆಟ್ಟಿಗೆಗೆ ಹಾಕ್ದೆ. ಎರಡು ಡಬ್ಬಾನೂ ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕ್ದೆ. ಇದೊಂದು ಉಳೀತು. ಪಂಪು ಗಾಳಿ ಎಳೀತಿತ್ತು, ನೀರು ಏರ್ತಿರ್ಲಿಲ್ಲ. ನನ್ನ ತಮ್ಮ ತಾಮ್ರದ ವಾಷರ್ ಬೇಕು ಅಂದ. ಕೊಟ್ಟೆ.”

ಅವಳ ತಮ್ಮ ಪಂಪು ರಿಪೇರಿಯವನು. ಎದುರು ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದ. ಬಾಗಿಲಲ್ಲಿ ಕೂತು ಮೋಟಾರಿನ ತಂತಿ ಸುತ್ತುತ್ತಿದ್ದವನು, ತನ್ನ ಮಾತು ಬಂತೆಂದು ತಲೆ ಎತ್ತಿದ. “ಅಳತೆ ಮಾಡಿ ಎರಕ ಹೊಯ್ದ ಹಾಗಿತ್ತು ಸಾರ್. ನಡುವೆ ಅರ್ಧ ಇಂಚು ತೂತು ಕೊರೆದೆ, ಕೂತ್ಕೊಂಡ್ತು.”

ಸಾಹೇಬರು ಅಷ್ಟರಲ್ಲಿ ಪಂಪಿನ ಮುಂದೆ ಮೊಣಕಾಲೂರಿದ್ದರು. ಪಂಪಿನ ನೆತ್ತಿಯ ಮೇಲೆ, ಮೋಟಾರು ಹಾಕುವ ಮುಂಚೆ ನೀರು ಹುಯ್ಯುವ ತೂತಿಗೆ ಒಂದು ದಪ್ಪ ಬೋಲ್ಟು. ಬೋಲ್ಟಿನ ತಲೆಯ ಸುತ್ತ ಬಳೆಯ ಹಾಗೆ ತಾಮ್ರದ ಅಂಚು ಇಣುಕುತ್ತಿತ್ತು. ಜೇಬಿನಿಂದ ಭೂತಗನ್ನಡಿ ತೆಗೆದರು. ರಾಣಿಯ ಮೊಗ ಕೆಳಗೆ, ಅದಕ್ಕೆ ಬೈರಿಗೆ ಹೊಕ್ಕಿರಬೇಕು. ಎಲೆಬಳ್ಳಿ ಅರ್ಧ ಹೋಗಿದೆ. ಆದರೆ ಇಸವಿ ಇದ್ದದ್ದು ಅಂಚಿನಲ್ಲಿ. ಅದು ಹಾಗೇ ಇತ್ತು. ಏಳು, ಎರಡು, ಚುಕ್ಕೆಗೆ ತಾಗಿದ ಬಾಲ.

ಸಾಹೇಬರ ಗಂಟಲಿನಿಂದ ಬಂದದ್ದನ್ನು ಮಾತು ಅನ್ನುವುದು ಕಷ್ಟ. ನೀರಿಗೆ ಬಂದ ಹೆಂಗಸರು ಕೊಡ ಹಿಡಿದು ಅಲ್ಲೇ ನಿಂತರು.

“ತೂತು ಹೊಡೆದ್ರಾ? ಇದಕ್ಕೆ ತೂತು ಹೊಡೆದ್ರಾ? ಮುಠ್ಠಾಳರು. ಇದೇನು ಅಂತ ಗೊತ್ತೇನ್ರೋ ನಿಮಗೆ? ಅಸಲಿ ಎಪ್ಪತ್ತೆರಡು. ಬಾಲ ನೋಡ್ರೋ, ಚುಕ್ಕೆಗೆ ತಾಗಿದೆ. ಇಪ್ಪತ್ತಾರು ವರ್ಷ ಹುಡುಕಿದೀನಿ ನಾನು. ಇಂಥದ್ದು ಎಲ್ಲೂ ಇಲ್ಲ. ನನ್ನ ಹತ್ರಾನೂ ಇಲ್ಲ.”

ಮಾತು ಮುಗಿಯಿತು. ಅಂಗಳದಲ್ಲಿ ಯಾರೋ ಕೊಡ ಕೆಳಗಿಟ್ಟ ಸದ್ದಾಯಿತು. ತಾವೇನು ಹೇಳಿಬಿಟ್ಟೆವು ಎಂಬುದು ಸಾಹೇಬರಿಗೆ ಆಮೇಲೆ ಹೊಳೆಯಿತು.

ಮೀಟರ್‌ನ ಹೆಂಡತಿ ಹತ್ತಿರ ಬಂದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. “ಹಾಗಾದ್ರೆ ನಮ್ಮನೆಯವ್ರು ಹೇಳಿದ್ದು ಸರಿ?”

ಸಾಹೇಬರು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು.

“ಹೇಳಿ ಸಾರ್. ಸರಿನಾ?”

“ಸರಿ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಕೈ ಕೆಳಗಿಳಿಸಿದಾಗ ಮುಖ ಬೇರೆಯಾಗಿತ್ತು. ಒಬ್ಬ ಮನುಷ್ಯನನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದದ್ದು ಅವಳಿಗೆ ನೆನಪಾಗಿರಬೇಕು.

“ಭಾನುವಾರಾನೇ ಗೊತ್ತಿತ್ತಲ್ವಾ ನಿಮಗೆ?”

ಒರೆಸಿಕೊಳ್ಳಲು ಸಾಹೇಬರ ಕೈ ಕನ್ನಡಕದ ತನಕ ಹೋಗಿ ವಾಪಸು ಬಂತು.

“ಒಂಬತ್ತು ವರ್ಷ ಆಗಿತ್ತು ಸಾರ್ ಅವ್ರಿಗೆ ಇದು ಸಿಕ್ಕಿ” ಎಂದಳು ಅವಳು, ದನಿ ಏರಿಸದೆ. “ಒಂಬತ್ತು ವರ್ಷ ಪ್ರತಿ ಭಾನುವಾರ ಜೇಬಲ್ಲಿಟ್ಕೊಂಡು ನಿಮ್ಮ ಹತ್ರ ಬರೋರು. ಇವತ್ತು ತೋರಿಸ್ತೀನಿ ಅನ್ನೋರು. ಹಾಗೇ ವಾಪಸ್ ತರೋರು. ಯಾಕ್ರೀ ಅಂದ್ರೆ, ಅವರೇನಾದ್ರೂ ವಾಷರ್ ಅಂದುಬಿಟ್ರೆ ನಾನು ಆಮೇಲೆ ಹೇಗೆ ಬದುಕ್ಲಿ ಅನ್ನೋರು.”

ಸಾಹೇಬರ ಕಣ್ಣಿಗೆ ಸ್ಟೂಲು ಬಂತು. ಎತ್ತರದ ಕುರ್ಚಿಯಿಂದ ಆ ಸ್ಟೂಲಿಗೆ ಎರಡು ಮಾರು ದೂರ. ಒಂಬತ್ತು ವರ್ಷ, ಎರಡೇ ಮಾರು, ಒಂದು ಅಂಗಿಯ ಜೇಬು. ಒಂದು ಸಲ ‘ಏನಪ್ಪಾ ಮೀಟರ್, ಏನಿದೆ ಜೇಬಲ್ಲಿ’ ಎಂದು ನೆಟ್ಟಗೆ ಕೇಳಿದ್ದರೆ ಆಗುತ್ತಿತ್ತು. ಈಗಲೂ ಅವರಿಗೆ ಹೊಟ್ಟೆ ಉರಿದದ್ದು ಮೀಟರ್‌ಗಾಗಿ ಅಲ್ಲ, ಆ ಎರಡು ಮಾರಿಗಾಗಿ.

“ಆಗಿದ್ದು ಆಗಿಹೋಯ್ತಮ್ಮ” ಎಂದರು. ತಮ್ಮ ದನಿ ತಮಗೇ ಹೊಸದಾಗಿ ಕೇಳಿಸಿತು. “ತೂತಿದ್ರೂ ಪರವಾಗಿಲ್ಲ, ನನಗೆ ಕೊಡಿ. ಹೊಸ ವಾಷರ್ ನಾನೇ ತಂದುಕೊಡ್ತೀನಿ. ಬೇಕಾದ್ರೆ ಹೊಸ ಪಂಪೇ ತಂದುಕೊಡ್ತೀನಿ. ಇದೊಂದು ಬಿಚ್ಚಿಕೊಡಿ. ಕೈ ಮುಗೀತೀನಿ.”

ನಿಜವಾಗಿ ಕೈ ಮುಗಿದರು. ಮೂವತ್ತೊಂದು ವರ್ಷ ಅಂಗಡಿಯವರು ತಮಗೆ ಮುಗಿಯುತ್ತಿದ್ದ ಹಾಗೆಯೇ, ಬೆವರುತ್ತಾ.

ಅವಳು ಒಂದು ಕ್ಷಣ ಪಂಪನ್ನು ನೋಡಿದಳು. ಆಮೇಲೆ ಎದುರು ಮನೆಯ ಕಡೆ ತಿರುಗಿ, “ಲೋ, ಸ್ಪ್ಯಾನರ್ ತಗೊಂಡು ಬಾ” ಎಂದಳು.

ಅವಳ ತಮ್ಮ ಉದ್ದ ಹಿಡಿಯ ಸ್ಪ್ಯಾನರ್ ತಂದ.

“ಸಾರ್, ಪಂಪು ಅಲ್ಲಾಡುತ್ತೆ. ನೀವು ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದ.

ಸಾಹೇಬರು ಹಿಡಿದರು. ಗ್ರೀಸು, ತುಕ್ಕು, ಪಾಚಿ ಯಾವುದನ್ನೂ ನೋಡದೆ ಎರಡೂ ಕೈಯಲ್ಲಿ ಪಂಪನ್ನು ತಬ್ಬಿ ಹಿಡಿದರು. ಮುಖ ಬೋಲ್ಟಿನಿಂದ ಒಂದು ಗೇಣು ದೂರ. ಸಂದಿಯಲ್ಲಿ ಎಪ್ಪತ್ತೆರಡು ಕಾಣುತ್ತಿತ್ತು. ತೂತಾದರೇನು, ಕುಳಿಯಲ್ಲಿ ಕೂರುತ್ತದೆ, ಇಸವಿ ಇದೆಯಲ್ಲ, ಬಾಲ ಇದೆಯಲ್ಲ.

“ಹುಷಾರಪ್ಪ, ಅಂಚಿಗೆ ತಾಗಿಸ್ಬೇಡ” ಎಂದರು.

ಪಂಪಿನವನು ಅಕ್ಕನ ಮುಖ ನೋಡಿದ.

“ಇನ್ನೂ ಸ್ವಲ್ಪ ಗಾಳಿ ಎಳೀತಿದೆ ಕಣೋ” ಎಂದಳು ಅವಳು. “ಬಿಗಿ ಮಾಡು.”

ಸ್ಪ್ಯಾನರ್ ಯಾವ ಕಡೆ ತಿರುಗುತ್ತಿದೆ ಎಂಬುದು ಸಾಹೇಬರಿಗೆ ತಿಳಿಯುವಷ್ಟರಲ್ಲಿ ಕಾಲು ಸುತ್ತು ಆಗಿತ್ತು. ಪಂಪಿನವನು ಸ್ಪ್ಯಾನರನ್ನು ತಗ್ಗಿಸಿ ಹಿಡಿದಿದ್ದ. ಅದರ ಕಬ್ಬಿಣದ ಮೂತಿ ತಾಮ್ರದ ಅಂಚನ್ನು ಉಜ್ಜಿಕೊಂಡೇ ಹೋಯಿತು. ಬಿಡಬೇಡ ಎಂದು ತಾವೇ ಹೇಳಿಕೊಂಡು ಹಿಡಿದಿದ್ದ ಕೈ ಆ ಗಳಿಗೆಯಲ್ಲಿ ಬಿಡಲೂ ಇಲ್ಲ. ಅವರು ಹಿಡಿದೇ ಇದ್ದರು, ಬೋಲ್ಟು ಇನ್ನೂ ಅರ್ಧ ಸುತ್ತು ತಿರುಗಿತು. ತಾಮ್ರ ಮೆತ್ತನೆಯ ಲೋಹ. ಕಿರ್ ಎಂದು ಒಂದು ಸಣ್ಣ ಸದ್ದು ಮಾಡಿ ಹಿಗ್ಗಿತು. ಏಳೂ ಎರಡೂ ಚುಕ್ಕೆಯೂ ಒಂದೇ ಹೊಳೆಯುವ ಗೀರಾಗಿ, ನಿಂಬೆಹಣ್ಣು ಹಾಕಿ ತಿಕ್ಕಿದಷ್ಟು ಕೆಂಪಗೆ ಕಂಡವು.

“ಸಾಕು” ಎಂದಳು ಅವಳು. “ಈಗ ಮೋಟಾರು ಹಾಕು.”

ಮೋಟಾರು ಹೊರಳಿ, ಪಂಪು ಸಾಹೇಬರ ಕೈಯೊಳಗೆ ನಡುಗಿತು. ನಲ್ಲಿಯಲ್ಲಿ ನೀರು ಬಂತು. ಹೆಂಗಸರು ಸಾಲು ಹಿಡಿದು ಕೊಡ ಇಟ್ಟರು. ಮೀಟರ್‌ನ ಹೆಂಡತಿ ಒಳಗೆ ಹೋಗಿ, ಪೆಟ್ಟಿಗೆಯಿಂದ ಫೋಟೋ ತೆಗೆದು, ಸೆರಗಿನಿಂದ ಗಾಜು ಒರೆಸಿ, ಮಿಷನ್ನಿನ ಎದುರಿನ ಮೊಳೆಗೆ ತೂಗುಹಾಕಿ, ನಿಲ್ಲಿಸಿದಲ್ಲಿಂದ ಹೊಲಿಗೆ ಮುಂದುವರಿಸಿದಳು. ಸಾಹೇಬರನ್ನು ಹೋಗಿ ಎಂದು ಯಾರೂ ಹೇಳಲಿಲ್ಲ, ಕೂರಿ ಎಂದೂ ಹೇಳಲಿಲ್ಲ. ಕೊನೆಗೆ ಕೊಡ ತುಂಬಿದ ಹೆಂಗಸೊಬ್ಬಳು, “ಸ್ವಲ್ಪ ದಾರಿ ಬಿಡಿ” ಎಂದಳು.

ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಹೆಂಡತಿ ಬಾಗಿಲು ತೆಗೆದಳು. ಅವರು ನೇರವಾಗಿ ಮಲಗುವ ಕೋಣೆಗೆ ಹೋದರು. ಹೊಸ ಬನಾತಿನ ಕುಳಿಯನ್ನು ಒಮ್ಮೆ ನೋಡಬೇಕಾಗಿತ್ತೋ, ಕಿತ್ತು ಹಾಕಬೇಕಾಗಿತ್ತೋ, ಅವರಿಗೇ ತಿಳಿಯದು. ಬೀರುವಿನ ಹಿಡಿಗೆ ಕೈ ಚಾಚಿದರು.

“ಕೈ ತೋರ್ಸಿ.”

ತಿರುಗಿ ನೋಡಿದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನಗುತ್ತಿರಲಿಲ್ಲ, ಕೆಣಕುವ ಮುಖವೂ ಅಲ್ಲ. ಮೂವತ್ತನಾಲ್ಕು ವರ್ಷ ತಾನು ಕೇಳಿದ ದನಿಯಲ್ಲೇ, ಅಷ್ಟೇ ಸಣ್ಣದಾಗಿ, ಅಷ್ಟೇ ಸರಿಯಾಗಿ ಕೇಳಿದ್ದಳು.

ಸಾಹೇಬರು ಎರಡೂ ಕೈ ಚಾಚಿದರು. ಅಂಗೈ ತೋರಿಸಿದರು. ಆಮೇಲೆ ತಿರುಗಿಸಿ ಮುಂಗೈ ತೋರಿಸಿದರು. ಗ್ರೀಸು ಉಗುರಿನ ಸಂದಿಯ ತನಕ ಹೋಗಿತ್ತು.

“ತೊಳ್ಕೊಂಡು ಬನ್ನಿ” ಎಂದಳು.

ಅವರು ಬಚ್ಚಲಿಗೆ ಹೋದರು. ಅವಳು ಬೀರುವಿನ ಮುಂದೆ ನಿಂತು, ನೀರು ಬೀಳುವ ಸದ್ದು ನಿಲ್ಲುವ ತನಕ ಕಾದಳು.